ನಾನು ಕೆತ್ತಿದ ಬ್ರೇಕ್ ಡ್ರಮ್

ಅರವತ್ತರ ದಶಕ ಆಗಷ್ಟೇ ಸುರುವಾಗಿತ್ತು. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ಸ್ಟೇಶನ್ ರಸ್ತೆಯ ಹಿಂದಿನ ಓಣಿಯ ಒಂದು ಮೋಟಾರು ಗ್ಯಾರೇಜಿನಲ್ಲಿ ನಾನು ಕಬ್ಬಿಣ ತಿರುಗಿಸಿ ಕೆತ್ತುವ ಲೇತ್ ನಡೆಸುತ್ತಿದ್ದೆ. ಮನೆ ಕಮರಿಪೇಟೆಯಲ್ಲಿ, ಎರಡೇ ಕೋಣೆ. ಮನೆಯಲ್ಲಿ ನಾನು, ನನ್ನಾಕಿ ಮತ್ತು ಅಪ್ಪ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಗಾಲಿ ಕೆಲಸದ ಫಿಟ್ಟರ್ ಆಗಿ ಮೂವತ್ತು ವರ್ಷ ದುಡಿದು ಮನೆಗೆ ಬಂದಿದ್ದರು. ಕೈಗೆ ಕೆಲಸವಿಲ್ಲದ್ದಕ್ಕೆ ಓಣಿಯವರ ಸ್ಟೋವು, ಬೀಗ, ಹೊಲಿಗೆ ಮಶೀನು ಬಿಚ್ಚಿ ಜೋಡಿಸುತ್ತ ಕಟ್ಟೆಯ ಮೇಲೆ ಕೂಡುತ್ತಿದ್ದರು.

ನನ್ನ ಕೈಕೆಲಸದ ಬಗ್ಗೆ ನನಗೆ ಆಗ ಸಾಕಷ್ಟು ಹಮ್ಮಿತ್ತು. ಗ್ಯಾರೇಜಿನ ಮಾಲಕರು ಮಿಲಿಟರಿಯಲ್ಲಿ ಲಾರಿ ಓಡಿಸಿ ಬಂದವರು, ಮಾತು ಕಡಿಮೆ. ಅವರು ಗಿರಾಕಿಗಳಿಗೆ ನನ್ನನ್ನು ತೋರಿಸಿ, "ಇಂವಾ ಕೂದಲ ಎಳಿಯಷ್ಟು ತೆಗಿ ಅಂದ್ರ ಅಷ್ಟ ತೆಗೀತಾನ್ರಿ," ಅನ್ನುವರು. ಅದನ್ನು ಕೇಳದ ಹಾಗೆ ನಟಿಸುತ್ತ ನಾನು ಲೇತಿನ ಮೇಲೆ ಇನ್ನಷ್ಟು ಬಾಗುತ್ತಿದ್ದೆ.

ಒಂದು ದಿನ ಧಾರವಾಡದಿಂದ ಡಾಕ್ಟರ್ ಬಾಯಾರು ತಮ್ಮ ಕಾರು ತಂದರು. ಅವರದು ಧಾರವಾಡದಲ್ಲಿ ಒಂದು ಸಣ್ಣ ಹೆರಿಗೆ ದವಾಖಾನೆ. ನಾಲ್ವತ್ತರ ಮೇಲಿನ ವಯಸ್ಸು, ಬಿಳಿ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ಕಾರನ್ನು ತಾವೇ ಓಡಿಸುವರು. ಹೆಂಗಸೊಬ್ಬರು ಕಾರು ಓಡಿಸುವುದನ್ನು ನೋಡಿರದ ಹಳ್ಳಿಗಳಿಗೆಲ್ಲ ಆ ಕಾರಿನಲ್ಲೇ ಹೋಗಿ ಹೆರಿಗೆ ಮಾಡಿಸಿ ಬರುತ್ತಿದ್ದರು. ಕಾರು ಇಂಗ್ಲೆಂಡಿನದು, ಎರಡನೇ ಮಹಾಯುದ್ಧಕ್ಕಿಂತ ಮುಂಚಿನದು. ಎಂಜಿನ್ನು ಇನ್ನೂ ಗಟ್ಟಿಯಾಗಿತ್ತು. ತೊಂದರೆ ಇದ್ದದ್ದು ಟಾಯರಿನದು. ಆ ಎತ್ತರದ ಗಾಲಿಗೆ ಹೊಂದುವ ಟಾಯರು ಪೇಟೆಯಲ್ಲಿ ಬರುವುದೇ ನಿಂತುಹೋಗಿತ್ತು. ಇದ್ದ ನಾಲ್ಕೂ ಸವೆದು ಒಳಗಿನ ನೂಲು ಕಾಣುತ್ತಿತ್ತು. ಮುಂಬೈಯಲ್ಲಿದ್ದ ಅವರ ಅಣ್ಣ ಹೊಸ ಮಾದರಿಯ ಕಾರೊಂದರ ನಾಲ್ಕು ಸಣ್ಣ ಗಾಲಿಗಳನ್ನು ಟಾಯರು ಸಮೇತ ರೈಲಿನಲ್ಲಿ ಕಳಿಸಿದ್ದರು.

ಹಿಂದಿನ ಎರಡು ಗಾಲಿ ಸಲೀಸಾಗಿ ಕೂತವು. ಮುಂದಿನವು ಕೂಡಲಿಲ್ಲ. ಗಾಲಿಯ ಹಿಂದೆ ಬ್ರೇಕ್ ಡ್ರಮ್ ಇರುತ್ತದೆ. ಬೀಡುಕಬ್ಬಿಣದ ದಪ್ಪ ಬೋಗುಣಿಯ ಹಾಗೆ. ಅದು ಗಾಲಿಯ ಸಂಗಡ ತಿರುಗುತ್ತದೆ. ಪೆಡಲ್ ಒತ್ತಿದರೆ ಒಳಗಿರುವ ಎರಡು ಶೂಗಳು ಅಗಲವಾಗಿ ಅದರ ಒಳಮೈಗೆ ಒತ್ತಿಕೊಂಡು ಕಾರನ್ನು ನಿಲ್ಲಿಸುತ್ತವೆ. ಈ ಕಾರಿನ ಮುಂದಿನ ಡ್ರಮ್ಮುಗಳು ಹಿಂದಿನವಕ್ಕಿಂತ ದೊಡ್ಡವು. ಬಾಯಿಯ ಸುತ್ತ ಬಳೆಯಂಥ ದಪ್ಪ ಅಂಚು ಬೇರೆ. ಆ ಅಂಚು ಸಣ್ಣ ಗಾಲಿಯ ಒಳಸುತ್ತಿಗೆ ತಾಗುತ್ತಿತ್ತು.

ಮಾಲಕರು ತಲೆ ಕೆರೆದುಕೊಂಡರು. ನಾನು ಕ್ಯಾಲಿಪರ್ ಹಿಡಿದು ಅಳೆದು ನೋಡಿದೆ. ಅಂಚನ್ನು ಪೂರ್ತಿ ತೆಗೆದು, ಹೊರಮೈಯಿಂದ ಇಂಚಿನ ಎಂಟನೇ ಒಂದು ಪಾಲು ಕೆತ್ತಿದರೆ ಗಾಲಿ ಕೂಡುತ್ತಿತ್ತು. ಹಾಗೆಂದು ಹೇಳಿದೆ.

ಡಾಕ್ಟರ್ ಬಾಯಾರು ಕೇಳಿದರು: "ಇದರಿಂದ ಬ್ರೇಕಿಗೆ ಏನೂ ಆಗೂದಿಲ್ಲಲ್ಲ?"

ಮಾಲಕರು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ. "ಏನೂ ಆಗೂದಿಲ್ರಿ ಬಾಯಾರ. ಬ್ರೇಕ್ ಹಿಡಿಯೂದು ಒಳಮೈಯಾಗ. ನಾ ತೆಗಿಯೂದು ಹೊರಮೈದು."

ಈಗಲೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ. ಅದು ಸುಳ್ಳಾಗಿತ್ತು ಅಂತ ಅಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ದನಿಯಲ್ಲಿ ಹೇಳಿದ್ದೆ. ಅವರು ಕೇಳಿದ್ದು ತಮ್ಮ ಜೀವದ ಪ್ರಶ್ನೆ. ನಾನು ಹೇಳಿದ್ದು ನನ್ನ ಲೇತಿನ ಉತ್ತರ.

ಕೆಲಸ ಮಾತ್ರ ಅಂದವಾಗಿ ಆಯಿತು. ಒಂದು ದಿನ ಪೂರ್ತಿ ಹಿಡಿಯಿತು. ಬೀಡಿನ ಕಪ್ಪು ಪುಡಿ ಮೂಗು, ಹುಬ್ಬಿನ ತುಂಬ ಕೂತಿತ್ತು. ಕೊನೆಗೆ ಗಾಲಿ ಏರಿಸಿದಾಗ ಡ್ರಮ್ಮಿಗೂ ಗಾಲಿಗೂ ನಡುವೆ ಒಂದು ರಟ್ಟಿನ ಹಾಳೆ ಹೋಗುವಷ್ಟು ಸಂದಿ. ಗಾಲಿಯನ್ನು ಕೈಯಿಂದ ತಿರುಗಿಸಿದೆ. ಸಪ್ಪಳವಿಲ್ಲದೆ ತಿರುಗಿತು. ಡಾಕ್ಟರ್ ಬಾಯಾರು ಕಾರನ್ನು ಓಣಿಯಲ್ಲಿ ಒಂದು ಸುತ್ತು ಓಡಿಸಿ ನೋಡಿ, ನಕ್ಕು, ಧಾರವಾಡದ ದಾರಿ ಹಿಡಿದರು.

ಒಂದೂವರೆ ತಿಂಗಳು ಕಳೆಯಿತು. ಆ ಕಾರನ್ನು ನೋಡಿದ ಇನ್ನೊಬ್ಬ ಗಿರಾಕಿ, ನಮ್ಮದಕ್ಕೂ ಹಾಗೇ ಮಾಡಿಕೊಡಿ ಎಂದು ಒಂದು ಶನಿವಾರ ಬಂದರು. ಮಾಲಕರು ಸೋಮವಾರ ಬರಲು ಹೇಳಿದರು. ನನಗೆ ಎದೆಯುಬ್ಬಿತು. ಮರುದಿನ ಮಧ್ಯಾಹ್ನ ಮನೆಯಲ್ಲಿ ಉಣ್ಣುವಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಡ್ರಮ್ಮಿನ ಅಳತೆ, ತೆಗೆದ ಅಂಚು, ರಟ್ಟಿನ ಹಾಳೆಯಷ್ಟು ಸಂದಿ, ಎಲ್ಲ.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಆ ಅಂಚು ಅಲ್ಲಿ ಯಾಕ ಇಟ್ಟಿದ್ರು?"

"ಯಾಕ ಅಂದ್ರ... ಎರಕಾ ಹೊಯ್ಯುವಾಗ ಬಂದಿರಬೇಕು."

"ಯಾರನ್ನರ ಕೇಳಿದಿ?"

ಅಪ್ಪ ಎಡಗೈಯಿಂದ ನನ್ನಾಕಿಗೆ ಸನ್ನೆ ಮಾಡಿ, ಹಿಟ್ಟು ಅಳೆಯುವ ಡಬ್ಬಿ ತರಲು ಹೇಳಿದರು. ಅದು ವನಸ್ಪತಿ ತುಪ್ಪದ ಹಳೆಯ ಡಬ್ಬಿ. ಅಳತೆಗೆ ಸರಿಹೋಗಲೆಂದು ಅದರ ಮೇಲಿನ ಅರ್ಧವನ್ನು ಕತ್ತರಿಯಿಂದ ಕತ್ತರಿಸಿದ್ದಳು. ಜೊತೆಗೆ ಕತ್ತರಿಸದ ಇನ್ನೊಂದು ಡಬ್ಬಿಯನ್ನೂ ತರಿಸಿದರು. ಅದರ ಬಾಯಿಗೆ ಮಡಿಸಿದ ಅಂಚು ಹಾಗೇ ಇತ್ತು.

"ಎರಡರ ಬಾಯೀನೂ ಹಿಚುಕಿ ನೋಡು," ಅಂದರು.

ಕತ್ತರಿಸಿದ ಡಬ್ಬಿಯ ಬಾಯಿ ಎರಡು ಬೆರಳಿನಲ್ಲಿ ಒತ್ತಿದ ಕೂಡಲೇ ಮೊಟ್ಟೆಯ ಆಕಾರಕ್ಕೆ ಬಂತು. ಅಂಚಿದ್ದದ್ದು ಜಗ್ಗಲಿಲ್ಲ.

"ನಿನ್ನ ಡ್ರಮ್ಮಿನೊಳಗ ಶೂ ಹೊರಗ ಒತ್ತತಾವು. ಅಂಚಿಲ್ಲಂದ್ರ ಬಾಯಿ ಅಗಲಾಗತೈತಿ. ಮ್ಯಾಲ ಕಾವು ಬ್ಯಾರೆ. ಇಳಕಲಿನ್ಯಾಗ ಬ್ರೇಕ್ ಹಿಡಕೊಂಡ ಬಂದ್ರ ಬೀಡು ಹೆಂಗ ಕಾಯತೈತಿ ಗೊತ್ತೈತೇನು? ಆ ಕಾವು ತಡಕೊಳ್ಳಾಕಂತನ ದಪ್ಪ ಇಟ್ಟಿರತಾರ. ತೆಳ್ಳಗಿದ್ದದ್ದು ಹಿಗ್ಗತೈತಿ. ಹಿಗ್ಗಿ ಹಿಗ್ಗಿ ಒಂದಿನ ಬಿರೀತೈತಿ. ನಾವು ರೈಲಿನ ಗಾಲ್ಯಾಗ ಇಂಥಾವು ಕಂಡೇವಿ." ಆಮೇಲೆ ಕೇಳಿದರು: "ಆ ಬಾಯಾರು ದಿನಾ ಓಡಸ್ತಾರೇನು?"

"ದಿನಾ ಓಡಸ್ತಾರ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆನೋ ಏನೋ. ಅವರು ನನ್ನ ಗಂಗಾಳ ನೋಡಿ, "ಉಂಡು ಹೋಗು," ಅಂದರು, ಅಷ್ಟೇ. ನಾನು ಉಣ್ಣಲಿಲ್ಲ. ಕೈತೊಳೆದು ಅಂಗಿ ಹಾಕಿಕೊಂಡು ಹೊರಟೆ.

ಬಸ್ಸಿನಲ್ಲಿ ಧಾರವಾಡ ಮುಟ್ಟುವವರೆಗೆ ಏನು ಹೇಳಬೇಕೆಂದು ಮಾತು ಜೋಡಿಸುತ್ತಿದ್ದೆ. ಒಂದೂ ಸರಿಹೋಗಲಿಲ್ಲ. ಕಾರು ಚಲೋ ಓಡಾಕತ್ತಿರುವಾಗ ನಾನೇ ಹೋಗಿ, ನನ್ನ ಕೆಲಸ ತಪ್ಪೈತಿ ಅಂದರೆ ಅವರು ನಂಬಬೇಕಲ್ಲ. ಮಾಲಕರಿಗೂ ಹೇಳಿರಲಿಲ್ಲ. ಭಾನುವಾರ, ಗ್ಯಾರೇಜು ಬಂದ್ ಇತ್ತು. ಹೇಳಲು ನಿಂತರೆ ಧೈರ್ಯ ಕರಗಿಹೋದೀತು ಎಂಬ ಅಂಜಿಕೆಯೂ ಇತ್ತು.

ದವಾಖಾನೆಯ ಪಡಸಾಲೆಯಲ್ಲಿ ನರ್ಸಬಾಯಿ ಬಟ್ಟೆ ಮಡಚುತ್ತ ಕೂತಿದ್ದಳು. "ಬಾಯಾರು ಮುಂಜಾನೇನ ಬೈರಿದೇವರಕೊಪ್ಪಕ್ಕ ಹೋಗ್ಯಾರ್ರಿ, ಹೆರಿಗಿಗೆ. ಕಾರಿನ್ಯಾಗ," ಅಂದಳು.

ನಾನು ಆಗಷ್ಟೇ ಅದೇ ಊರಿನ ಮೇಲಿಂದ ಬಂದಿದ್ದೆ. ಅಲ್ಲೇ ಇಳಿದಿದ್ದರೆ ಕಾರು ಸಿಗುತ್ತಿತ್ತು. ಅವರು ಅದೇ ಹಾದಿಯಲ್ಲಿ ತಿರುಗಿ ಬರುವವರು. ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ಕಾಯ್ದೆ. ಅಷ್ಟು ಉದ್ದದ ಮುಕ್ಕಾಲು ತಾಸನ್ನು ನಾನು ಮತ್ತೆ ಕಂಡಿಲ್ಲ. ಬಸ್ಸು ಹೊರಟ ಮೇಲೆ ಎದುರಿಗೆ ಬರುವ ಪ್ರತಿ ವಾಹನವನ್ನೂ ಡ್ರೈವರನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ.

ಬೈರಿದೇವರಕೊಪ್ಪದಲ್ಲಿ ಇಳಿದು ಕೇಳಿದೆ. ಕಾರು ಊರೊಳಗೆ ಒಂದು ದೊಡ್ಡ ಒಕ್ಕಲುಮನೆಯ ಮುಂದೆ ಬೇವಿನ ಗಿಡದ ನೆರಳಲ್ಲಿ ನಿಂತಿತ್ತು. ಮುಂದಿನ ಗಾಲಿಗಳನ್ನು ಬಾಗಿ ನೋಡಿ ಅಲ್ಲೇ ಕಟ್ಟೆಯ ಮೇಲೆ ಕೂತೆ. ಮನೆಯ ಹಿರಿಯರು ನನ್ನನ್ನು ಕಾರಿನ ಡ್ರೈವರ್ ಎಂದು ತಿಳಿದು ಚಹಾ ತರಿಸಿದರು. ಹಣೆಗೆ ವಿಭೂತಿ, ತಲೆಗೆ ಬಿಳಿ ರುಮಾಲು, ಎದೆಯ ಮೇಲೆ ಲಿಂಗದ ಕರಡಿಗೆ. ಒಳಗೆ ಅವರ ಸೊಸೆಗೆ ಬೇನೆ. ನಾನು ಡ್ರೈವರ್ ಅಲ್ಲ ಅಂದೆ. ಯಾಕೆ ಬಂದೆ ಎಂದು ಅವರೂ ಕೇಳಲಿಲ್ಲ. ಅವರ ಕಿವಿಯೆಲ್ಲ ಒಳಗೇ ಇತ್ತು. ಹೀಗೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ನಮ್ಮ ನಮ್ಮ ಚಿಂತೆ ಹಿಡಿದುಕೊಂಡು ಕೂತೆವು.

ಸುಮಾರು ಹೊತ್ತಾದ ಮೇಲೆ ಒಳಗಿಂದ ಕೂಸಿನ ಅಳು ಕೇಳಿತು. ಹಿರಿಯರು ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ ನನ್ನ ಎರಡೂ ಕೈ ಹಿಡಿದುಕೊಂಡರು.

ಡಾಕ್ಟರ್ ಬಾಯಾರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ನನ್ನನ್ನು ಗುರುತಿಸಲು ಅರೆಕ್ಷಣ ಬೇಕಾಯಿತು. "ಅರೇ, ಲೇತಿನವರು. ನೀವಿಲ್ಲಿ ಹೆಂಗ?"

ಜೋಡಿಸಿದ ಮಾತೆಲ್ಲ ಮರೆತುಹೋಯಿತು. "ಬಾಯಾರ, ಈ ಕಾರು ಓಡಸಬ್ಯಾಡ್ರಿ. ನಾ ಕೆತ್ತಿದ್ದು ತಪ್ಪಾಗೇತ್ರಿ. ಬ್ರೇಕಿಗೆ ಏನೂ ಆಗೂದಿಲ್ಲ ಅಂತ ಹೇಳಿದ್ದೆ. ಆಗತೈತ್ರಿ. ನನಗ ಗೊತ್ತಿದ್ದಿಲ್ಲ," ಅಂದೆ.

ಅವರು ಕಟ್ಟೆಯ ಮೇಲೆ ಕೂತರು. ನನಗೂ ಕೂಡಲು ಹೇಳಿದರು. ರೋಗಿಯನ್ನು ಕೇಳುವ ದನಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು. ಏನಾಗಬಹುದು, ಯಾವಾಗ ಆಗಬಹುದು, ಮೊದಲು ಏನು ಕಾಣಿಸುತ್ತದೆ. ಅಪ್ಪ ಹೇಳಿದ್ದನ್ನೆಲ್ಲ ನಾನು ಹೇಳಿದೆ. ಡಬ್ಬಿಯ ಸಂಗತಿಯನ್ನೂ ಹೇಳಿದೆ.

"ಪೆಡಲ್ ಕೆಳಗ ಹೋಗತದೇನು?" ಅಂದರು.

"ಹೋಗಬಹುದ್ರಿ. ಕಾದಾಗ."

"ಹಂಗಾದ್ರ ಹದಿನೈದು ದಿನದಿಂದ ಹೋಗಲಿಕ್ಕತ್ತದ. ಉಣಕಲ್ಲಿನ ಇಳಕಲ ಇಳಿದ ಮ್ಯಾಲ ಎರಡ ಬೆರಳ ಕೆಳಗ ಹೋಗತದ. ತಣ್ಣಗಾದ್ರ ಮತ್ತ ಮ್ಯಾಲ ಬರತದ. ನನ್ನ ಕಾಲ ಸೋತಾವೇನೋ ಅಂತ ತಿಳಕೊಂಡಿದ್ದೆ."

ಹಾಗಂದು ಅವರು ಸ್ವಲ್ಪ ನಕ್ಕರು. "ಹೇಳಲಿಕ್ಕೆ ಇಷ್ಟ ದೂರ ಬಂದೀರಲ್ಲ. ಊಟಾ ಆಗ್ಯದೇನು?"

ಆಗಿಲ್ಲ ಅಂದೆ. ಆ ಮನೆಯವರು ನನಗೆ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದರು. ಅಷ್ಟು ರುಚಿಯಾಗಿ ಉಂಡದ್ದು ಕಡಿಮೆ.

ಇನ್ನು ಕಾರನ್ನು ಹುಬ್ಬಳ್ಳಿಗೆ ಒಯ್ಯುವುದು ಹೇಗೆ ಎಂಬ ಮಾತು ಬಂತು. ನಾಲ್ಕು ಮೈಲು ದಾರಿ, ನಡುವೆ ಇಳಕಲು. ಮೆಲ್ಲಗೆ ಓಡಿಸಿಕೊಂಡು ಹೋಗೋಣವೇ ಎಂದು ಡಾಕ್ಟರ್ ಬಾಯಾರು ಕೇಳಿದರು. ನಾನು ಬೇಡವೆಂದೆ. ಆಗ ಹಿರಿಯರು ಬಾಯಿ ಹಾಕಿದರು. "ನಮ್ಮ ಎತ್ತು ಅದಾವಲ್ರಿ. ಬಿತ್ತಿಗಿ ಮುಗದೈತಿ. ಸುಮ್ಮನ ನಿಂತು ಮೇವು ತಿನ್ನಾಕತ್ತಾವು."

ಹೀಗೆ ಆ ಕಾರಿನ ಮುಂದೆ ಒಂದು ಜೋಡಿ ಎತ್ತು ಹೂಡಿದರು. ಹಗ್ಗವನ್ನು ಬಂಪರಿಗೆ ಕಟ್ಟದೆ ಅಡಿಯ ಚಾಸಿಯ ಕಬ್ಬಿಣದ ಚೌಕಟ್ಟಿಗೆ ಕಟ್ಟಿಸಿದೆ. ಹಿಂದಿನ ಡ್ರಮ್ಮುಗಳನ್ನು ನಾನು ಮುಟ್ಟಿರಲಿಲ್ಲ. ಹ್ಯಾಂಡ್ ಬ್ರೇಕು ಹಿಂದಿನ ಗಾಲಿಗಷ್ಟೇ ಹಿಡಿಯುವಂಥದ್ದು. ಅದನ್ನು ಮೂರು ಸಲ ಜಗ್ಗಿಸಿ ನೋಡಿ, ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡೆವು. ಡಾಕ್ಟರ್ ಬಾಯಾರು ಸ್ಟೇರಿಂಗ್ ಹಿಡಿದು ಕೂತರು. ಹಿರಿಯರ ಮಗ, ಅಂದರೆ ಆಗಷ್ಟೇ ತಂದೆಯಾದವನು, ಎತ್ತು ಹೊಡೆದ. ನಾನು ಕಾರಿನ ಬಾಜೂಕ್ಕೆ ನಡೆದೆ.

ಏರಿನಲ್ಲಿ ಎತ್ತು ಎಳೆದವು. ಇಳಕಲು ಬಂದಾಗ ಎತ್ತುಗಳನ್ನು ಬಿಚ್ಚಿ ಬದಿಗೆ ಹಿಡಿದುಕೊಂಡೆವು. ಬಾಯಾರು ಹ್ಯಾಂಡ್ ಬ್ರೇಕಿನ ಮೇಲೆ ಕಾರನ್ನು ಗೇಣು ಗೇಣಾಗಿ ಇಳಿಸಿದರು. ನಾನು ಒಂದು ದೊಡ್ಡ ಕಲ್ಲು ಹೊತ್ತುಕೊಂಡು ಗಾಲಿಯ ಸಂಗಡ ನಡೆಯುತ್ತಿದ್ದೆ, ಜಾರಿದರೆ ಅಡ್ಡ ಇಡಲು. ಜಾರಲಿಲ್ಲ. ಉಣಕಲ್ ಕೆರೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಅವರಲ್ಲಿ ಒಬ್ಬಾಕೆ, "ಬಾಯಾರ, ಎಣ್ಣಿ ತೀರೇತೇನ್ರಿ?" ಅಂತ ಕೂಗಿದಳು. ಡಾಕ್ಟರ್ ಬಾಯಾರು ಕಿಟಕಿಯಿಂದ ತಲೆ ಹಾಕಿ, "ಇಲ್ಲವಾ, ಇವತ್ತ ಎತ್ತಿಗೆ ಕಾರ ಕಲಿಸಲಿಕ್ಕತ್ತೇವಿ," ಅಂದರು. ಎತ್ತು ಹೊಡೆಯುವವನು ಹಾದಿಯುದ್ದಕ್ಕೂ ಸಿಕ್ಕವರಿಗೆಲ್ಲ ಗಂಡು ಹುಟ್ಟಿತೆಂದು ಹೇಳುತ್ತ ಬಂದ. ನನ್ನ ಎದೆಯ ಭಾರ ಎಲ್ಲಿ ಇಳಿಯಿತೋ ನೆನಪಿಲ್ಲ. ಹುಬ್ಬಳ್ಳಿ ಬರುವಷ್ಟರಲ್ಲಿ ನಾನೂ ನಗುತ್ತಿದ್ದೆ.

ಗ್ಯಾರೇಜಿನ ಹಿಂದೆಯೇ ಮಾಲಕರ ಮನೆ. ಎತ್ತಿನ ಗಂಟೆ ಕೇಳಿ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಕಾರು, ಎತ್ತು, ನನ್ನ ಕೈಯಲ್ಲಿದ್ದ ಕಲ್ಲು ನೋಡಿದರು. ಏನಾಯಿತೆಂದು ನಾನು ಹೇಳಿದೆ.

"ಮೊದಲ ನನಗ ಹೇಳಬೇಕಾಗಿತ್ತು," ಅಂದರು.

"ಹೌದ್ರಿ. ಅಂಜಿಕಿ ಬಂತ್ರಿ."

"ಬಿಚ್ಚು. ನೋಡೂಣು."

ಡ್ರಮ್ ಬಿಚ್ಚುವಷ್ಟರಲ್ಲಿ ಅಪ್ಪ ಕಮರಿಪೇಟೆಯಿಂದ ನಡೆದುಕೊಂಡು ಬಂದರು. ಅಷ್ಟು ಹೊತ್ತಾದರೂ ನಾನು ಬರದಿದ್ದಕ್ಕೆ ಇಲ್ಲಿಯೇ ಇರಬೇಕೆಂದು ತಿಳಿದಿದ್ದರು. ಅವರು ಡ್ರಮ್ಮುಗಳನ್ನು ಚಿಮಣಿ ಎಣ್ಣೆಯಿಂದ ತೊಳೆದು, ಒಂದು ಗಳಿಗೆ ಬಿಟ್ಟು, ಬಟ್ಟೆಯಿಂದ ಒಣಗುವ ಹಾಗೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ರೈಲ್ವೆಯಲ್ಲಿ ಬಿರುಕು ಹುಡುಕುವ ರೀತಿಯಂತೆ. ಬಿರುಕಿದ್ದರೆ ಅದರೊಳಗೆ ಉಳಿದ ಎಣ್ಣೆ ಮೇಲೆ ಬಂದು ಪುಡಿಯನ್ನು ತೋಯಿಸುತ್ತದೆ. ಎತ್ತಿನವನು ಊರಿಗೆ ತಿರುಗಿದ್ದ, ಉಳಿದ ನಾವು ನಾಲ್ವರೂ ಬಾಗಿ ನೋಡುತ್ತ ನಿಂತೆವು. ಎಡಗಡೆಯ ಡ್ರಮ್ಮಿನಲ್ಲಿ ಏನೂ ಕಾಣಲಿಲ್ಲ. ಬಲಗಡೆಯದರಲ್ಲಿ, ಬಾಯಿಯಿಂದ ಒಳಗೆ, ಕಿರುಬೆರಳಿನಷ್ಟು ಉದ್ದದ ಒಂದು ಕಪ್ಪು ಗೆರೆ ಮೆಲ್ಲಗೆ ಮೂಡಿತು.

ಡಾಕ್ಟರ್ ಬಾಯಾರು ಬೆರಳ ತುದಿಯಿಂದ ಆ ಗೆರೆಯನ್ನು ಮುಟ್ಟಿ ನೋಡಿದರು. ಆಮೇಲೆ ಅಪ್ಪನ ಕಡೆಗೆ ತಿರುಗಿ, "ನಿಮ್ಮ ಮಗಾ ಇವತ್ತ ನಾಕ ತಾಸ ನನ್ನ ಹುಡುಕ್ಯಾನ್ರಿ," ಅಂದರು. ಅಪ್ಪ, "ಹುಡುಕಬೇಕಾಗಿತ್ರಿ," ಅಂದರು.

ಸೋಮವಾರ ಬಂದ ಗಿರಾಕಿಯನ್ನು ಮಾಲಕರೇ ವಾಪಸು ಕಳಿಸಿದರು. ನನ್ನ ಕೆಲಸ ಹೋಗಲಿಲ್ಲ. ಆದರೆ ಒಂದು ವಾರ ಅವರು ನನ್ನ ಸಂಗಡ ಮಾತಾಡಲಿಲ್ಲ. ಎಂಟನೇ ದಿನ ತಾವೇ ಬಂದು ಲೇತಿನ ಹತ್ತಿರ ನಿಂತು, "ಆ ದಿನ ಬಾಯಾರು ಕೇಳಿದಾಗ ನಾನೂ ಸುಮ್ಮನ ನಿಂತಿದ್ದೆ," ಅಂದು ಹೋದರು. ಅವರಿಂದ ಅದಕ್ಕಿಂತ ದೊಡ್ಡ ಮಾತು ನಿರೀಕ್ಷಿಸುವಂತಿರಲಿಲ್ಲ.

ಕಾರು ಸರಿಯಾಗಲು ಮೂರು ತಿಂಗಳು ಹಿಡಿಯಿತು. ಕೆತ್ತಿದ ಡ್ರಮ್ಮುಗಳು ಮತ್ತೆ ಉಪಯೋಗಕ್ಕೆ ಬರುವಂತಿರಲಿಲ್ಲ. ಧಾರವಾಡದಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಹಿತ್ತಲಿನಲ್ಲಿ ಅದೇ ಜಾತಿಯ ಕಾರು ಕೆಟ್ಟು ನಿಂತಿದೆ, ಒಳಗೆ ಕೋಳಿ ಕೂಡುತ್ತವೆ ಎಂಬ ಸುದ್ದಿ ಡಾಕ್ಟರ್ ಬಾಯಾರೇ ತಂದರು. ನಾನು ಹೋಗಿ ಕೋಳಿಗಳನ್ನು ಎಬ್ಬಿಸಿ ಮುಂದಿನ ಎರಡು ಡ್ರಮ್ ಬಿಚ್ಚಿಕೊಂಡು ಬಂದೆ. ಅಪ್ಪ ಅವಕ್ಕೂ ಎಣ್ಣೆ ಸುಣ್ಣ ಹಚ್ಚಿ ನೋಡಿ ಹೂಂ ಅಂದ ಮೇಲೆಯೇ ಹಾಕಿದ್ದು. ಗಾಲಿಯ ಮಾತು ಉಳಿಯಿತು. ಅದೇ ಕಂಪನಿಯವರು ಆಮೇಲೆ ಮಾಡಿದ ಸಾಮಾನು ಸಾಗಿಸುವ ವ್ಯಾನಿನ ಗಾಲಿಗೆ ನಟ್ಟಿನ ತೂತುಗಳು ಅವೇ ಅಳತೆಯಲ್ಲಿವೆ, ಅಂಚಿರುವ ಡ್ರಮ್ ಅದರೊಳಗೆ ಆರಾಮಾಗಿ ಕೂಡುತ್ತದೆ, ಟಾಯರೂ ಸಿಗುತ್ತದೆ ಎಂದು ಮಾಲಕರು ಕಾಗದ ಬರೆದು ಬರೆದು ಪತ್ತೆ ಹಚ್ಚಿದರು. ಅವು ಬರುವವರೆಗೆ ಡಾಕ್ಟರ್ ಬಾಯಾರು ಟಾಂಗಾದಲ್ಲಿ, ಬಸ್ಸಿನಲ್ಲಿ, ಚಕ್ಕಡಿಯಲ್ಲಿ ತಿರುಗಿದರು. ಒಮ್ಮೆಯೂ ನನ್ನನ್ನು ಅವಸರ ಮಾಡಲಿಲ್ಲ.

ವ್ಯಾನಿನ ಗಾಲಿಯ ಮೇಲೆ ಆ ಕಾರು ನೋಡಲು ಚಂದ ಇರಲಿಲ್ಲ ಅನ್ನಿ. ದೊಡ್ಡವರ ಚಪ್ಪಲಿ ಮೆಟ್ಟಿದ ಹುಡುಗನ ಹಾಗೆ ಕಾಣುತ್ತಿತ್ತು. ಆದರೆ ಡ್ರಮ್ಮಿಗೂ ಗಾಲಿಗೂ ನಡುವೆ ನನ್ನ ಬೆರಳು ಹಾಯುತ್ತಿತ್ತು.

ಮುಂದೆ ಆ ದಶಕ ಮುಗಿಯುವ ಹೊತ್ತಿಗೆ ದುರ್ಗದಬೈಲಿನ ಅರಳೆ ವ್ಯಾಪಾರದ ಮನೆತನದ ಒಬ್ಬ ಯುವಕ ಬಂದಿದ್ದ. ಗೆಳೆಯರ ಸಂಗಡ ಊರ ಹೊರಗಿನ ನೆಟ್ಟಗಿನ ರಸ್ತೆಯಲ್ಲಿ ಕಾರಿನ ಪೈಪೋಟಿ ನಡೆಸುತ್ತಿದ್ದನಂತೆ. ಅದಕ್ಕೆಂದು ಎಲ್ಲಿಂದಲೋ ಅಗಲವಾದ ಸಣ್ಣ ಗಾಲಿ ತಂದಿದ್ದ. ಬ್ರೇಕು ಅಡ್ಡ ಬರುತ್ತದೆ, ಸ್ವಲ್ಪ ಕೆತ್ತಿಕೊಡಿ ಅಂದ. "ಬ್ರೇಕ್ ಮುಟ್ಟೂದಿಲ್ರಿ. ಅದಕ್ಕ ಹೊಂದೂ ಗಾಲಿ ತರ್ರಿ, ನಾ ಕೂಡಸ್ತೇನಿ," ಅಂದೆ. ಸಿಟ್ಟಾಗಿ ಹೋದ. ಬೇರೆ ಕಡೆ ಮಾಡಿಸಿಯಾನು ಎಂದು ಅವನ ಹಿಂದೆಯೇ ಹೋಗಿ, ಕಾರಿನ ಬಾಗಿಲು ಹಿಡಿದು ನಿಂತು, ಎತ್ತು ಹೂಡಿದ ಕಥೆಯನ್ನೆಲ್ಲ ಹೇಳಿದೆ. ನಗುತ್ತ ಕೇಳಿದ. ಕಪ್ಪು ಗೆರೆಯ ಮಾತಿಗೆ ಬಂದಾಗ ನಗು ನಿಂತಿತು. ತಿಂಗಳಾದ ಮೇಲೆ ಬೇರೆ ಗಾಲಿ ಹಿಡಿದುಕೊಂಡು ಬಂದ.

ಆದರೆ ನನಗೆ ಹೆಚ್ಚು ನೆನಪಾಗುವುದು ಡಾಕ್ಟರ್ ಬಾಯಾರ ಕಾರು ಸಿದ್ಧವಾದ ದಿನ. ಅವತ್ತು ಅವರು ಅಪ್ಪನನ್ನು ಮುಂದೆ, ನನ್ನನ್ನು ಮತ್ತು ಬಸುರಿಯಾಗಿದ್ದ ನನ್ನಾಕಿಯನ್ನು ಹಿಂದೆ ಕೂಡಿಸಿಕೊಂಡು, ಪರೀಕ್ಷೆ ಮಾಡೋಣ ಎಂದು ಧಾರವಾಡದ ಹಾದಿ ಹಿಡಿದರು. ಅಪ್ಪ ಜೀವಮಾನವೆಲ್ಲ ರೈಲಿನ ಗಾಲಿ ನೋಡಿದವರು, ಕಾರಿನಲ್ಲಿ ಕೂತದ್ದು ಅದೇ ಮೊದಲು. ಉಣಕಲ್ ದಾಟಿ ಸ್ವಲ್ಪ ದೂರ ಹೋಗಿ, ತಿರುಗಿಸಿಕೊಂಡು, ಇಳಕಲಿಗೆ ಬಂದರು. ನಾಲ್ಕು ಸಲ ಜೋರಾಗಿ ಬ್ರೇಕ್ ಹಾಕಿ ನೋಡಿದರು. ಕಾರು ನಾಲ್ಕು ಸಲವೂ ನೆಟ್ಟಗೆ ನಿಂತಿತು.

"ಪೆಡಲ್ ಹೆಂಗೈತ್ರಿ?" ಎಂದು ನಾನು ಹಿಂದಿನಿಂದ ಕೇಳಿದೆ.

"ಮ್ಯಾಲೇ ಅದ," ಅಂದರು.

ನನ್ನಾಕಿ ನನ್ನ ತೋಳು ತಿವಿದು ಮುಂದೆ ನೋಡು ಎಂದು ಸನ್ನೆ ಮಾಡಿದಳು. ಡಾಕ್ಟರ್ ಬಾಯಾರು ಬ್ರೇಕ್ ಹಾಕಿದಾಗಲೆಲ್ಲ ಅಪ್ಪನೂ ತಮ್ಮ ಬರಿಗಾಲನ್ನು ಎದುರಿನ ಹಲಗೆಗೆ ಒತ್ತಿ ಹಿಡಿಯುತ್ತಿದ್ದರು. ಮನೆಗೆ ಬಂದು ಇಳಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಕಾಲು ನೋಯಾಕತ್ತಾವು."